ಅಪ್ಪನ ಮೂರು ಊರು

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆ ಹೊರಟ ರೈಲು ಹಾವೇರಿ ದಾಟಿದ ಮೇಲೆ ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರು ಎಂದು ಒಂದೊಂದೇ ನಿಲ್ದಾಣವನ್ನು ಹಿಂದೆ ಬಿಡುತ್ತ ತುಂಗಭದ್ರೆಯತ್ತ ಸಾಗುತ್ತದೆ. ಬೆಂಗಳೂರಿಗೆ ಹೋಗುವವರಿಗೆ ಇದು ಅರ್ಧ ನಿದ್ದೆಯಲ್ಲಿ ಕಳೆದುಹೋಗುವ ದಾರಿ. ನಮ್ಮಪ್ಪ ಎಂಬತ್ತಾರು ವರ್ಷದ ಬದುಕನ್ನೆಲ್ಲ ಕಳೆದದ್ದು ಈ ಸಣ್ಣ ಹರವಿನಲ್ಲೇ. ಹುಟ್ಟಿದ್ದು ರಾಣೇಬೆನ್ನೂರು ತಾಲ್ಲೂಕಿನ ಹೊಳೆಸಾಲಿನ ಹಳ್ಳಿಯಲ್ಲಿ, ದುಡಿದದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಮುಪ್ಪು ಕಳೆದದ್ದು ಹಾವೇರಿಯಲ್ಲಿ, ಮೊಮ್ಮಕ್ಕಳ ನಡುವೆ. ಅವರ ವರ್ಷದ ಕಾರ್ಯ ಮುಗಿದ ಮೇಲೆ, ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ, ನನ್ನ ಮಗಳು ಮತ್ತು ಮಗನನ್ನು ಕರೆದುಕೊಂಡು ನಾನು ಈ ಮೂರೂ ಊರು ಸುತ್ತಿದೆ. ಅಪ್ಪ ಬದುಕಿದ ಕ್ರಮದಲ್ಲೇ ಹೋಗಬೇಕೆಂದು ಹಟ ಹಿಡಿದವಳು ಮಗಳು. ಹಾಗಾಗಿ ಹಾವೇರಿಯಲ್ಲಿ ಮನೆಯಿದ್ದೂ ನಮ್ಮ ಯಾತ್ರೆ ರಾಣೇಬೆನ್ನೂರಿನಿಂದ ಶುರುವಾಯಿತು.

ರಾಣೇಬೆನ್ನೂರು ಬೀಜದ ಊರು. ಪೇಟೆಯಲ್ಲಿ ನಡೆದರೆ ಬೀಜದ ಕಂಪನಿಗಳ ಫಲಕಗಳೇ ಕಣ್ಣಿಗೆ ಬೀಳುತ್ತವೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ 1972ರಲ್ಲಿ ಹೊರಬಂದ ಮೇಲೆ ಈ ಸೀಮೆಯ ಹೊಲಗಳಿಗೆ ಹೊಸ ಕೆಲಸವೊಂದು ಬಂತು. ಸಂಜೆ ಹೊತ್ತಿನಲ್ಲಿ ಮೊಗ್ಗು ಬಿಡಿಸಿ ಅದರ ಗಂಡುಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುವುದು. ಇದಕ್ಕೆ ಹೊಲದವರು ಹೇಳುವ ಹೆಸರು ಕ್ರಾಸಿಂಗ್. ಒಂದೊಂದು ಹೂವಿಗೂ ಮನುಷ್ಯನ ಬೆರಳು ತಾಗಬೇಕು. ಆ ಬೆರಳುಗಳು ಹೆಚ್ಚಾಗಿ ಹೆಣ್ಣುಮಕ್ಕಳವು. ಅಪ್ಪನ ಅಕ್ಕ, ನಮ್ಮ ಸೋದರತ್ತಿ, ಎಷ್ಟೋ ಹಂಗಾಮು ಈ ಕೆಲಸ ಮಾಡಿದಳು. ಊರಿಗೆ ಹೋದಾಗಲೆಲ್ಲ ಅಪ್ಪ ಅವಳ ಕೈ ಹಿಡಿದು ಬೆರಳು ನೋಡುತ್ತಿದ್ದರು. ಮಾತು ಕಡಿಮೆ. ಅಕ್ಕನ ಬೆರಳು ನೋಡಿದ ಮೇಲೆ ಮೌನವಾಗಿ ಒಂದಿಷ್ಟು ದುಡ್ಡು ಅವಳ ಸೆರಗಿಗೆ ಕಟ್ಟುತ್ತಿದ್ದರು.

ಅಪ್ಪನ ಹಳ್ಳಿಯಿಂದ ಚೌಡದಾನಪುರ ದೂರವಿಲ್ಲ. ತುಂಗಭದ್ರೆಯ ದಂಡೆಯ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ಮುಕ್ತೇಶ್ವರ ಗುಡಿ, ಅದರ ಅಂಗಳದಲ್ಲಿ ಆಳೆತ್ತರ ಮೀರಿದ ಶಾಸನಕಲ್ಲುಗಳು. ಗುತ್ತವೊಳಲನ್ನು, ಅಂದರೆ ಇಂದಿನ ಗುತ್ತಲವನ್ನು, ಆಳಿದ ಗುತ್ತ ಅರಸರು ತಮ್ಮನ್ನು ಉಜ್ಜಯಿನಿಯ ಗುಪ್ತರ ವಂಶದವರೆಂದು ಹೇಳಿಕೊಂಡವರು. ಈ ಕಲ್ಲುಗಳ ಮೇಲೆ ಅವರ ಕಾಲದ ಮಾತುಗಳಿವೆ. ಅಪ್ಪ ಮುಲ್ಕಿ ಪರೀಕ್ಷೆಯವರೆಗೆ ಓದಿದವರು. ಹಳೆಯ ಲಿಪಿ ಪೂರ್ತಿ ಓದಲು ಬರುತ್ತಿರಲಿಲ್ಲ. ಆದರೆ ಮೊಮ್ಮಕ್ಕಳನ್ನು ಕಲ್ಲಿನ ಮುಂದೆ ನಿಲ್ಲಿಸಿ, ಗುರುತು ಸಿಗುವ ಒಂದೊಂದು ಅಕ್ಷರದ ಮೇಲೆ ಅವರ ಬೆರಳು ಇಟ್ಟು, ಇದು ‘ರ’, ಇದು ‘ಗ’ ಎಂದು ತೋರಿಸುತ್ತಿದ್ದರು. ಈ ಸಲ ಮಗಳು ಆ ಕಲ್ಲಿನ ಹತ್ತಿರ ಹೋಗಿ, ತಮ್ಮನಿಗೆ ಅದೇ ಅಕ್ಷರಗಳನ್ನು ತೋರಿಸಿದಳು. ಅವನಿಗೂ ಅವು ನೆನಪಿದ್ದವು. ಇಬ್ಬರೂ ಸೇರಿ ಅಪ್ಪ ಗುರುತಿಸದೆ ಬಿಟ್ಟ ಇನ್ನೆರಡು ಅಕ್ಷರ ಹುಡುಕಿದರು. ಹೊಳೆಯಲ್ಲಿ ನೀರು ಕಡಿಮೆಯಿತ್ತು, ಮರಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅಪ್ಪ ಈಜು ಕಲಿತದ್ದು ಇದೇ ಹೊಳೆಯಲ್ಲಿ.

ಮರಳಿ ಬರುವಾಗ ಹುಲ್ಲುಗಾವಲಿನ ಕಡೆ ಹೋದೆವು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್ ವಿಸ್ತಾರದ್ದು. ಸುತ್ತಲಿನ ಜನ ಕೃಷ್ಣಮೃಗ ಎನ್ನುವುದಿಲ್ಲ, ಚಿಗರಿ ಎನ್ನುತ್ತಾರೆ. ಚಿಗರಿಯ ಚೆಲುವನ್ನು ಹೊಗಳುವವರೂ ಅವರೇ, ಅದು ಮೇಯ್ದುಹೋದ ಬೆಳೆಯನ್ನು ನೋಡಿ ಸಂಕಟಪಡುವವರೂ ಅವರೇ. ಅಪ್ಪ ಹುಡುಗನಾಗಿದ್ದಾಗ ಈ ಬಯಲಿನಲ್ಲಿ ಎರೆಭೂತ ಕಂಡಿದ್ದರಂತೆ, ಕಾಳಿನ ಹೊಲದ ನಡುವೆ ನಿಧಾನವಾಗಿ ಹೆಜ್ಜೆ ಹಾಕುವ ಆ ಭಾರಿ ಹಕ್ಕಿಯನ್ನು. ಬಯಲಿನ ಬಹುಪಾಲು ನೀಲಗಿರಿ ನೆಡುತೋಪಾಯಿತು. ತೆರೆದ ಹುಲ್ಲು ಬೇಕಾದ ಹಕ್ಕಿಗೆ ಜಾಗ ಉಳಿಯಲಿಲ್ಲ. ಈಗ ಇಲ್ಲಿ ಅದು ಕಾಣುವುದಿಲ್ಲ. ಅಪ್ಪ ಮೊಮ್ಮಕ್ಕಳಿಗೆ ಎರೆಭೂತದ ಎತ್ತರ ತಮ್ಮ ಸೊಂಟದ ಹತ್ತಿರ ಕೈ ಹಿಡಿದು ತೋರಿಸುತ್ತಿದ್ದರು. ತಾವು ಕಂಡದ್ದು ಮುಂದಿನವರಿಗೆ ಕಾಣಲು ಸಿಗದಿದ್ದರೆ ಕಡೇಪಕ್ಷ ಅದರ ಅಳತೆಯಾದರೂ ಗೊತ್ತಿರಲಿ ಎಂಬ ಕಳಕಳಿ ಅದು.

ಹೊಲ ಸಣ್ಣದು, ಮಳೆ ನಂಬುವಂಥದ್ದಲ್ಲ, ಅಣ್ಣತಮ್ಮಂದಿರು ಬಹಳ. ಹದಿನೆಂಟರ ಹೊತ್ತಿಗೆ ಅಪ್ಪ ಬ್ಯಾಡಗಿಗೆ ಬಂದು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಕುಳಿತರು. ಆಮೇಲೆ ಇಡೀ ಪೇಟೆಗೆ ಅವರು ದಿವಾನಜಿ.

ಬ್ಯಾಡಗಿಯ ಪೇಟೆಯನ್ನು ನೋಡಬೇಕಾದರೆ ಸುಗ್ಗಿಯ ಸೋಮವಾರ ಇಲ್ಲವೆ ಗುರುವಾರ ಹೋಗಬೇಕು. ಹಿಂದಿನ ದಿನದಿಂದಲೇ ಲಾರಿಗಳ ಸಾಲು. ಹಾವೇರಿ, ಧಾರವಾಡ, ಗದಗದ ಕಾಯಿ ಮಾತ್ರವಲ್ಲ. ಬಳ್ಳಾರಿ, ರಾಯಚೂರು, ಗಡಿಯಾಚೆಯ ಆಂಧ್ರದ ಕಾಯಿಯೂ ಇಲ್ಲಿಗೇ ಬರುತ್ತದೆ. ಸುಗ್ಗಿ ಜೋರಾದರೆ ಒಂದೇ ದಿನ ಲಕ್ಷಾಂತರ ಚೀಲ. ಅಂಗಡಿಗಳ ಮುಂದೆ ಕೆಂಪು ರಾಶಿ, ರಾಶಿಯ ಪಕ್ಕ ರಾತ್ರಿಯಿಡೀ ಕಾದ ರೈತ. ಖರೀದಿದಾರರು ಬಂದು ಹಿಡಿ ಕಾಯಿ ಎತ್ತಿ, ಮುರಿದು, ಬಣ್ಣ ನೋಡಿ, ಒಣಗಿದ್ದು ಸಾಕೋ ಇಲ್ಲವೋ ಎಂದು ಕೈಯಲ್ಲೇ ಅಳೆದು ದರ ಹಾಕುತ್ತಾರೆ. ಹಿಂದೆ ಟೆಂಡರ್ ಚೀಟಿ ಇತ್ತು. ಈಗ ಕಂಪ್ಯೂಟರ್ ಬಂದಿದೆ. ದರ ಗೊತ್ತಾದ ಮೇಲೆ ತೂಕ, ಆಮೇಲೆ ಲೆಕ್ಕ.

ಅಪ್ಪ ನನಗೆ ಕಲಿಸಿದ ಮೊದಲ ವಿದ್ಯೆ ಕಡ್ಡಿ ಮತ್ತು ಡಬ್ಬಿಯ ವ್ಯತ್ಯಾಸ. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು, ಒಳಗೆ ಬೀಜ ಕಡಿಮೆ. ಡಬ್ಬಿ ಗಿಡ್ಡ, ಗುಂಡಗೆ, ಬೀಜ ಹೆಚ್ಚು, ಮಸಾಲೆಗೆ ಒಗ್ಗುವ ಕಾಯಿ. ಬ್ಯಾಡಗಿ ಕಾಯಿಯ ಹೆಸರು ಖಾರದಿಂದ ಬಂದದ್ದಲ್ಲ, ಬಣ್ಣದಿಂದ ಬಂದದ್ದು. ಈ ಬಣ್ಣವನ್ನು ಎಣ್ಣೆಯ ರೂಪದಲ್ಲಿ ಬೇರ್ಪಡಿಸಿ ತೆಗೆದು ತಿನಿಸುಗಳಿಗೆ, ತುಟಿಬಣ್ಣಕ್ಕೆ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅಂದು ಅಪ್ಪ ಹಾವೇರಿಯಲ್ಲಿದ್ದರು, ಪೇಟೆ ಬಿಟ್ಟು ವರ್ಷಗಳಾಗಿದ್ದವು. ಪೇಪರಿನ ಆ ಸುದ್ದಿಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿದರು.

ಆದರೆ ನನ್ನ ಬಾಲ್ಯದ ಬ್ಯಾಡಗಿಯಲ್ಲಿ ಅಪ್ಪ ನಮಗೆ ಸಿಕ್ಕಿದ್ದೇ ಕಡಿಮೆ. ಪೇಟೆ ದಿನ ನಾವು ಏಳುವ ಮೊದಲೇ ಹೋಗಿರುತ್ತಿದ್ದರು. ತೂಕ ಮುಗಿದು, ಹಮಾಲಿ, ದಲಾಲಿ ಕಳೆದು, ರೈತನ ಪಟ್ಟಿ ಬರೆದು, ಕಿರ್ದಿ ಖಾತಾವಣಿ ಎರಡೂ ಹೊಂದಿಸಿ ಮನೆಗೆ ಬರುವಾಗ ಊರು ಮಲಗಿರುತ್ತಿತ್ತು. ಬಂದವರು ನೇರ ಬಚ್ಚಲಿಗೆ. ಮೈಗೆ, ಅಂಗಿಗೆ, ಕೂದಲಿಗೆ ಮೆಣಸಿನಕಾಯಿ ಘಾಟು. ಮಕ್ಕಳ ಕಣ್ಣು ಉರಿಯುತ್ತವೆಂದು ಸ್ನಾನ ಮಾಡದೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ನಮಗೆ ಗಾಢ ನಿದ್ದೆ. ಸುಗ್ಗಿಯ ತಿಂಗಳುಗಳಲ್ಲಿ ಅಪ್ಪನೆಂದರೆ ನಮಗೆ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು. ಎಷ್ಟೋ ವರ್ಷ ಇದು ನನ್ನಲ್ಲಿ ಕೊರಗಾಗಿ ಉಳಿದಿತ್ತು. ಆ ನೀರು ನಮಗಾಗಿ ಸುರಿದದ್ದು ಎಂಬುದು ತಿಳಿದದ್ದು ನಾನೂ ತಂದೆಯಾದ ಮೇಲೆ.

ವರ್ಷಕ್ಕೆ ಒಂದು ದಿನ ಮಾತ್ರ ಪೂರ್ತಿ ನಮ್ಮದು. ಶ್ರಾವಣದ ಒಂದು ಶನಿವಾರ ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೊರಡುತ್ತಿದ್ದರು. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಹನುಮಂತರನ್ನು ಒಂದೇ ದಿನದಲ್ಲಿ ಕಂಡರೆ ಒಳ್ಳೆಯದೆಂಬ ನಂಬಿಕೆ ಈ ಸೀಮೆಯಲ್ಲಿದೆ. ಬಸ್ಸು ಹತ್ತಿ ಇಳಿದು, ಅವ್ವ ಕಟ್ಟಿಕೊಟ್ಟ ರೊಟ್ಟಿ, ರಂಜಕ, ಮೊಸರು ಉಂಡು, ಹೊತ್ತು ಮುಳುಗುವ ಮೊದಲು ಮೂರನೆಯ ಗುಡಿ ಮುಟ್ಟಲು ಓಡುವುದು. ಓಡುವಾಗ ತಂಗಿ ಅಪ್ಪನ ಹೆಗಲ ಮೇಲೆ. ನಾವು ಆ ದಿನವನ್ನು ವರ್ಷವಿಡೀ ಕಾಯುತ್ತಿದ್ದೆವು. ಅವರೂ ಕಾಯುತ್ತಿದ್ದರೆಂದು ಅವ್ವ ಆಮೇಲೆ ಹೇಳಿದಳು.

ಈ ಸಲ ಪೇಟೆಯಲ್ಲಿ ಅಪ್ಪನ ಕಾಲದ ಒಬ್ಬ ಹಮಾಲರು ಸಿಕ್ಕರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಬಾಗಿದೆ. ನನ್ನ ನಡಿಗೆ ನೋಡಿಯೇ ಗುರುತು ಹಿಡಿದರು. “ದಿವಾನಜಿಯಾರ ಮಗಾ ಅಲ್ಲೇನ್ರಿ ನೀವು? ನಡಿಗಿ ಅವರದ ಐತಿ. ಬರ್ರಿ, ಮನಿಗೆ ಬರ್ರಿ” ಎಂದು ಕರೆದೊಯ್ದರು. ಪಡಸಾಲೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಏಲಕ್ಕಿ ಮಾಲೆ. ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಅಪ್ಪನಿಗೆ ಎಂಬತ್ತು ತುಂಬಿದಾಗ ಅವರಿಬ್ಬರೂ ತಮ್ಮ ದುಡ್ಡು ಕೂಡಿಸಿ ಹಾವೇರಿಯಲ್ಲಿ ಕಟ್ಟಿಸಿ ಹಾಕಿದ ಮಾಲೆ ಅದು. ಕೆಲವು ದಿನಗಳ ಮೇಲೆ ಅದು ಮನೆಯಲ್ಲಿ ಕಾಣದಾಗಿತ್ತು. ಕೇಳಿದರೆ ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. “ಅವರ ತಂದ ಕೊಟ್ರಿ. ನಾ ಬ್ಯಾಡಂದ್ರ ಕೇಳಲಿಲ್ಲ. ಭಾರ ಹೊತ್ತಾವ ನೀ, ನಾ ಬರೇ ಬರದಾಂವ, ಇದು ನಿನ್ನ ಕೊಳ್ಳಾಗ ಇರಬೇಕಂದ್ರು” ಎಂದು ಆ ಹಿರಿಯರು ಕಣ್ಣೊರೆಸಿಕೊಂಡರು. ನನ್ನ ಮಗಳು ಎದ್ದು ಹೋಗಿ ಅವರ ಕಾಲು ಮುಟ್ಟಿದಳು.

2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ದಿಢೀರ್ ಕುಸಿದು ಬ್ಯಾಡಗಿ ಪೇಟೆಯಲ್ಲಿ ರೈತರ ಸಿಟ್ಟು ಹೊತ್ತಿಕೊಂಡ ದಿನ. ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿದ್ದವು, ವಾಹನಗಳು ಸುಟ್ಟವು. ಟಿ.ವಿ.ಯಲ್ಲಿ ಆ ಹೊಗೆ ಕಂಡ ಅಪ್ಪ ಊಟದ ತಟ್ಟೆ ಸರಿಸಿ ಎದ್ದರು. ಬೆಂಕಿ ಹಚ್ಚಿದ್ದು ಸರಿಯೆಂದು ಅವರು ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಮೊಮ್ಮಗನಿಗೆ ಹೇಳಿದ್ದು ಇಷ್ಟು: “ಒಬ್ಬ ರೈತನ ಒಂದ ವರ್ಷದ ಬಾಳೇವು ಒಂದ ಚೀಟ್ಯಾಗ ಬರೀತಾರಪಾ. ಬರಿಯೋವಾಗ ಕೈ ನಡುಗಬೇಕು.” ತಮ್ಮ ದುಡಿಮೆಯ ದಿನಗಳಲ್ಲಿ ಅವರು ಪ್ರತಿ ಪಟ್ಟಿಯನ್ನೂ ರೈತನಿಗೆ ಗಟ್ಟಿಯಾಗಿ ಓದಿ ಹೇಳಿ, ಅವನು ಹೌದೆಂದ ಮೇಲೆಯೇ ಕೊಡುತ್ತಿದ್ದರಂತೆ. ಇದನ್ನು ನಮಗೆ ಹೇಳಿದ್ದೂ ಆ ಹಮಾಲರೇ.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಹೊಸ ಕಚೇರಿಗಳು ಬಂದವು, ಅವುಗಳ ಜೊತೆ ನನ್ನ ನೌಕರಿಯೂ ಇಲ್ಲಿಗೆ ಬಂತು. ಅಪ್ಪ ಪೇಟೆಗೆ ಕೈಮುಗಿದು ನಮ್ಮ ಜೊತೆ ಬಂದು ಇದ್ದರು. ನನ್ನ ಮಕ್ಕಳು ಹುಟ್ಟಿದ್ದು ಇಲ್ಲಿ. ನಾನು ಕಾಣದ ಅಪ್ಪನನ್ನು ಅವರು ಕಂಡದ್ದು ಇಲ್ಲಿ.

ಸಂಜೆಯಾದರೆ ಮೊಮ್ಮಗಳ ಕೈ ಹಿಡಿದು ಪುರದ ಸಿದ್ಧೇಶ್ವರ ಗುಡಿಗೆ ಹೊರಡುವರು. ಹನ್ನೆರಡನೆಯ ಶತಮಾನದ ಈ ಚಾಲುಕ್ಯ ಗುಡಿಯ ಬಾಗಿಲು ಮೂಡಣಕ್ಕಿಲ್ಲ, ಪಡುವಣಕ್ಕಿದೆ. ಕಂಬದ ನುಣುಪು, ಗೋಡೆಯ ಚಿಕ್ಕ ಚಿಕ್ಕ ಗೋಪುರಗಳ ಕೆತ್ತನೆ ಎಲ್ಲವನ್ನೂ ಅವಳು ಎಣಿಸಿ ಮುಗಿಸುವವರೆಗೆ ಕಟ್ಟೆಯ ಮೇಲೆ ಕೂರುವರು. ಏಲಕ್ಕಿ ಓಣಿಗೂ ಕರೆದೊಯ್ಯುವರು. ಮಲೆನಾಡಿನಲ್ಲಿ ಬೆಳೆದ ಏಲಕ್ಕಿ ಹಾವೇರಿಗೆ ಬಂದು ಶುಚಿಯಾಗಿ ಬೆಳ್ಳಗಾಗುತ್ತಿದ್ದ ಕಾಲದ ಕತೆ ಹೇಳುವರು. ಏಲಕ್ಕಿಯನ್ನು ಒಂದೊಂದಾಗಿ ದಾರಕ್ಕೆ ಹೊಲಿದು, ಮಣಿ, ಜರಿ ಸೇರಿಸಿ ಮಾಲೆ ಕಟ್ಟುವ ಪಟವೇಗಾರರ ಕೈಚಳಕವನ್ನು ಮಗು ನೋಡುತ್ತ ನಿಂತಷ್ಟು ಹೊತ್ತೂ ನಿಲ್ಲುವರು. ಅವಸರವೆಂಬುದೇ ಇಲ್ಲ. ನಾನು ಕಚೇರಿಯ ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದರೆ ಮಕ್ಕಳು ಅಜ್ಜನ ಎರಡು ಪಕ್ಕಕ್ಕೆ ಮಲಗಿರುತ್ತಿದ್ದರು.

ಅಗಡಿಗೆ, ಗಳಗನಾಥಕ್ಕೆ ಹೋದದ್ದನ್ನು ಮಕ್ಕಳು ಇಂದಿಗೂ ಹೇಳುತ್ತಾರೆ. 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹುಟ್ಟಿದ್ದು ಹಾವೇರಿಯ ಪಕ್ಕದ ಅಗಡಿಯಲ್ಲಿ. ಅದನ್ನು ಬೆಳೆಸಿದವರು ವೆಂಕಟೇಶ ತಿರಕೋ ಕುಲಕರ್ಣಿ, ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದ ಕಾದಂಬರಿಕಾರರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಶಾಲಾ ಮಾಸ್ತರರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವರದೆ ಮತ್ತು ತುಂಗಭದ್ರೆ ಕೂಡುವಲ್ಲಿ, ಇಳಿಜಾರು ಕಲ್ಲಿನ ವಿಚಿತ್ರ ತಳಹದಿಯ ಗಳಗೇಶ್ವರ ಗುಡಿಯ ಎದುರು ಕುಳಿತು ಅಪ್ಪ ಈ ಕತೆ ಹೇಳಿದರಂತೆ. ಹೊತ್ತವರ ಕತೆಗಳೆಂದರೆ ಅವರಿಗೆ ಹೆಚ್ಚು ಪ್ರೀತಿ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಅಪ್ಪನಿಗೆ ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಆದರೂ ಪುಸ್ತಕದ ಮಳಿಗೆಗಳ ಸಾಲು ಪೂರ್ತಿ ನೋಡಿದರು. ಮೊಮ್ಮಗಳು ಕೊಂಡ ಪುಸ್ತಕಗಳ ಚೀಲವನ್ನು ತಾವೇ ಹಿಡಿಯುತ್ತೇನೆಂದು ಹಟ ಮಾಡಿದರು. ಅವಳು ಒಂದು ಹಿಡಿಕೆ, ಅವರು ಒಂದು ಹಿಡಿಕೆ ಹಿಡಿದು ಮನೆಗೆ ಬಂದರು.

ನಮ್ಮ ಯಾತ್ರೆಯ ಕೊನೆಯ ಊರು ಹೊಸರಿತ್ತಿ. ಬ್ಯಾಡಗಿಗೆ ತಿರುಗುವ ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಸಾಬರಮತಿಯಿಂದ ಹೊರಟ ಆ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಚಲೇಜಾವ್ ಚಳವಳಿಯ ದಿನಗಳಲ್ಲಿ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರ ಗುಡಿಯಲ್ಲಿದ್ದ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯ ರೈಲು ನಿಲ್ದಾಣಕ್ಕೆ ಇಂದು ಮಹದೇವಪ್ಪನವರ ಹೆಸರಿದೆ. ಆ ಗುಂಡು ಹಾರಿದಾಗ ಅಪ್ಪ ಐದು ವರ್ಷದ ಕೂಸು. ಊರ ಹಿರಿಯರು ಆ ಸುದ್ದಿ ಹೇಳಿ ಅತ್ತದ್ದು ಅವರಿಗೆ ನೆನಪಿತ್ತು.

ಮೊಮ್ಮಕ್ಕಳನ್ನು ಅವರು ಮತ್ತೆ ಮತ್ತೆ ಇಲ್ಲಿಗೆ ಕರೆತರುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಈ ಸಲ ಗುಡಿಯ ಮುಂದೆ ನಿಂತಾಗ ಮಗ ಹೇಳಿದ. ಅವನು ಸಣ್ಣವನಿದ್ದಾಗ ಅಜ್ಜ ಇಲ್ಲೇ ಹೇಳಿದ ಮಾತಂತೆ: “ಇವರನ್ನ ಅಜ್ಜಂದಿರಾಗೋಮಟ ಬದುಕಾಕ ಬಿಡಲಿಲ್ಲಪಾ. ನನಗ ಆ ಭಾಗ್ಯ ಸಿಕ್ಕೈತಿ. ಸಿಕ್ಕದ್ದನ್ನ ಸುಮ್ನ ಕುಂತ ಕಳೀಬಾರದು.”

ನನಗೆ ಅಪ್ಪನ ಮೂರು ಊರು ಒಂದಾಗಿ ಕಂಡದ್ದು ಆಗ. ಬ್ಯಾಡಗಿಯಲ್ಲಿ ನಮಗೆ ಕೊಡಲಾಗದ ಹೊತ್ತನ್ನು ಅವರು ಹಾವೇರಿಯಲ್ಲಿ ಮೊಮ್ಮಕ್ಕಳಿಗೆ ಕೊಟ್ಟರು ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲ. ಬ್ಯಾಡಗಿಯಲ್ಲಿ ಪ್ರೀತಿ ದುಡಿಮೆಯಾಗಿತ್ತು, ಹಾವೇರಿಯಲ್ಲಿ ಅದೇ ಪ್ರೀತಿ ಬಿಡುವಾಯಿತು. ದುಡಿಮೆ ಇಲ್ಲದಿದ್ದರೆ ನನ್ನ ಓದಿಲ್ಲ, ನೌಕರಿಯಿಲ್ಲ, ಹಾವೇರಿಯ ಮನೆಯಿಲ್ಲ, ಅಜ್ಜನಿಗೆ ಆ ಬಿಡುವೂ ಇಲ್ಲ. ಬಿಡುವು ಸಿಕ್ಕಾಗ ಅವರು ಅದನ್ನು ಬರಿಯ ಮುದ್ದಿಗೆ ಖರ್ಚು ಮಾಡಲಿಲ್ಲ. ತಮ್ಮ ನಾಡಿನ ಅಕ್ಷರ, ಹಕ್ಕಿ, ಕೈಗಸುಬು, ಪುಸ್ತಕ, ಪ್ರಾಣಕೊಟ್ಟವರ ಹೆಸರು ಎಲ್ಲವನ್ನೂ ಎರಡು ಮಕ್ಕಳ ಕೈಗೆ ದಾಟಿಸಿದರು, ಲೆಕ್ಕ ಒಪ್ಪಿಸುವ ದಿವಾನಜಿಯ ನಿಷ್ಠೆಯಿಂದಲೇ.

ಮನೆಯಲ್ಲಿ ಹಿರಿಯರಿರುವವರಿಗೆ ನಾನು ಹೇಳಬೇಕಾದದ್ದು ಒಂದೇ. ಅವರ ಕೂಡ ಅವರ ಊರುಗಳಿಗೆ ಹೋಗಿಬನ್ನಿ, ಅವರು ಇರುವಾಗಲೇ. ದುಡಿದ ಜಾಗದಲ್ಲಿ ನಿಲ್ಲಿಸಿ ಕೇಳಿ. ಮನೆಯಲ್ಲಿ ಬಾರದ ಮಾತು ಅಲ್ಲಿ ಬರುತ್ತದೆ. ದುಡಿಮೆಯ ನಡುವೆ ಮಕ್ಕಳಿಗೆ ಹೊತ್ತು ಸಾಲದೆ ಒಳಗೊಳಗೇ ನೋಯುವ ತಂದೆಯರಿಗೂ ಅಪ್ಪನ ಬದುಕಿನಲ್ಲಿ ಧೈರ್ಯವಿದೆ: ವರ್ಷಕ್ಕೊಂದು ಶನಿವಾರವನ್ನಾದರೂ ಪೂರ್ತಿ ಕೊಟ್ಟರೆ ಮಕ್ಕಳು ಅದನ್ನು ಮರೆಯುವುದಿಲ್ಲ. ಬರುವ ಏಪ್ರಿಲ್ 1ಕ್ಕೆ ಹೊಸರಿತ್ತಿಗೆ ಹೋಗುವುದೆಂದು ನನ್ನ ಮಕ್ಕಳು ನಿಶ್ಚಯಿಸಿದ್ದಾರೆ. ಬ್ಯಾಡಗಿಯ ಆ ಹಮಾಲರ ಮೊಮ್ಮಕ್ಕಳೂ ಜೊತೆಗೆ ಬರುತ್ತಾರೆ. ಅವರಿಗೆ ಕತೆ ಹೇಳುವ ಕೆಲಸವನ್ನು ನನ್ನ ಮಗಳು ವಹಿಸಿಕೊಂಡಿದ್ದಾಳೆ.